ಅಮ್ಮನ ಕಿಟಕಿ ಮತ್ತು ಒಂದು ಮೋಟಾರು

ಕಾರಿನ ಗಾಜು ಇಳಿಸೋಕೆ ಹಿಡಿಕೆ ತಿರುಗಿಸ್ತಿದ್ದ ಕಾಲ ನಿಮಗೂ ನೆನಪಿರಬಹುದು. ಆಗ ಗಾಜು ಬಿಗಿಯಾದರೆ ಮೊದಲು ನಮ್ಮ ತೋಳಿಗೇ ಗೊತ್ತಾಗುತ್ತಿತ್ತು. ಈಗ ಸ್ವಿಚ್ಚು ಒತ್ತಿದರೆ ಸಾಕು. ಗಾಜು ಬಿಗಿಯಾಗಿದ್ದರೆ ಆ ಕಷ್ಟ ಬಾಗಿಲೊಳಗೆ ಕೂತಿರೋ ಮೋಟಾರಿಗೆ ಮಾತ್ರ ಗೊತ್ತು. ಪಾಪ, ಅದಕ್ಕೆ ಹೇಳಿಕೊಳ್ಳೋಕೆ ಬಾಯಿಲ್ಲ.

ನಮ್ಮದು 2013ರಲ್ಲಿ ಅಪ್ಪ ಕೊಂಡ ಸಣ್ಣ ಕಾರು. ಅದರ ಮುಂದಿನ ಎಡಗಡೆ ಸೀಟು ಅಮ್ಮನದು. ಅಮ್ಮನಿಗೆ ಎಸಿ ಆಗಲ್ಲ. ಗಾಜು ಮುಚ್ಚಿದ ಹತ್ತು ನಿಮಿಷಕ್ಕೆ ಹೊಟ್ಟೆ ತೊಳೆಸೋಕೆ ಶುರು. ಬೆಂಗಳೂರಿನಿಂದ ಅರಸೀಕೆರೆ ಹತ್ತಿರದ ನಮ್ಮೂರಿಗೆ ಹೋಗುವಾಗ ತುಮಕೂರು, ಗುಬ್ಬಿ, ತಿಪಟೂರು ಎಲ್ಲಾ ದಾಟೋವರೆಗೂ ಅಮ್ಮನ ಬೆರಳು ಆ ಸ್ವಿಚ್ಚಿನ ಮೇಲೇ ಇರುತ್ತೆ. ಲಾರಿ ಬಂದರೆ ಗಾಜು ಮೇಲಕ್ಕೆ, ಲಾರಿ ಹೋದರೆ ಕೆಳಕ್ಕೆ.

ಹೋದ ವರ್ಷ ಆ ಕಿಟಕಿ ಕೆಟ್ಟಿತು. ದೊಡ್ಡ ಸರ್ವಿಸ್ ಸೆಂಟರ್ ಒಂದರಲ್ಲಿ ಮೋಟಾರು ಬದಲಾಯಿಸಿ ಕೊಟ್ಟರು. ಈ ಮಳೆಗಾಲಕ್ಕೆ ಮತ್ತೆ ಅದೇ ಕಥೆ. ಗಾಜು ಅರ್ಧಕ್ಕೆ ಏರಿ ನಿಲ್ಲೋದು, ಕಾಲು ಗಂಟೆ ಬಿಟ್ಟು ಒತ್ತಿದರೆ ಏನೂ ಆಗಿಲ್ಲ ಅನ್ನೋ ಹಾಗೆ ಏರೋದು. ಕೊನೆಗೆ ಒಂದು ದಿನ ಪೂರ್ತಿ ಕೆಳಗಿಳಿದು ಕೂತೇ ಬಿಟ್ಟಿತು. ಕಾರು ನಿಲ್ಲಿಸೋದು ರಸ್ತೆ ಮೇಲೆ, ಹೊರಗೆ ಮಳೆ. ಪ್ಲಾಸ್ಟಿಕ್ ಹಾಳೆ ಅಂಟಿಸಿ ಮತ್ತೆ ಅಲ್ಲಿಗೇ ಹೋದೆವು. ಅಲ್ಲಿದ್ದ ಹುಡುಗ ಬಾಗಿಲು ಬಿಚ್ಚದೆಯೇ ಹೇಳಿದ: "ಮೋಟಾರ್ ಹೋಗಿದೆ ಸರ್. ಪೂರ್ತಿ ಸೆಟ್ಟೇ ಹಾಕಬೇಕು, 6,800 ಆಗತ್ತೆ. ಮೇಡಂ ಜಾಸ್ತಿ ಯೂಸ್ ಮಾಡ್ತಾರೆ ಅನ್ಸತ್ತೆ, ಅದಕ್ಕೇ ಹೋಗ್ತಿದೆ."

ಈ ಕೊನೇ ಮಾತು ಅಮ್ಮನಿಗೆ ಚುಚ್ಚಿತು. ಮನೆಗೆ ಬಂದ ಮೇಲೆ "ನಾನು ಇನ್ಮೇಲೆ ರೈಲಲ್ಲೇ ಹೋಗ್ತೀನಿ ಬಿಡಪ್ಪ, ನನ್ನಿಂದ ಯಾಕೆ ಖರ್ಚು" ಅಂದಳು. ಅಪ್ಪ "ಕಾರೇ ಮಾರಿಬಿಡೋಣ" ಅಂದರು. ಮೋಟಾರಿನ ರಿಪೇರಿ ಮನೆಯ ರಿಪೇರಿ ಆಗೋ ಲಕ್ಷಣ ಕಾಣಿಸಿತು.

ಮಾರನೇ ದಿನ ಕಾರನ್ನು ಕೆಂಗೇರಿ ಕಡೆಯ ಒಂದು ಪುಟ್ಟ ಗ್ಯಾರೇಜಿಗೆ ಒಯ್ದೆವು. ಅಲ್ಲಿನ ಮೆಕ್ಯಾನಿಕ್ ಅಪ್ಪನಿಗಿಂತ ಹತ್ತು ವರ್ಷ ಚಿಕ್ಕವರಿರಬಹುದು. ಬಾಗಿಲಿನ ಪ್ಯಾನೆಲ್ ಬಿಚ್ಚಿ, ಮೋಟಾರಿಗೆ ಹೋಗೋ ಎರಡು ವೈರಿಗೆ ಮೀಟರ್ ಹಿಡಿದು, ಸ್ವಿಚ್ಚು ಒತ್ತಿ ಅಂದರು. 12 ವೋಲ್ಟ್ ಸರಿಯಾಗಿ ಬರ್ತಿತ್ತು. ಅಂದರೆ ಫ್ಯೂಸು, ಸ್ವಿಚ್ಚು, ಬಾಗಿಲ ಸಂದಿನ ವೈರು ಎಲ್ಲಾ ಚೆನ್ನಾಗಿವೆ. ಸ್ಕ್ರೂಡ್ರೈವರಿನ ಹಿಡಿಯಿಂದ ಮೋಟಾರಿಗೆ ಮೆಲ್ಲಗೆ ಎರಡು ಕುಟ್ಟಿದರು. ತಕ್ಷಣ ಗುರ್ ಅಂತ ಒಂದು ಸುತ್ತು ತಿರುಗಿ ನಿಂತಿತು!

"ಒಳಗೆ ಕಾರ್ಬನ್ ಬ್ರಷ್ ಸವೆದಿದೆ ಯಜಮಾನ್ರೇ. ಕುಟ್ಟಿದಾಗ ಒಂಚೂರು ತಾಗಿ ಓಡ್ತು."

"ಹಾಗಾದ್ರೆ ಅವರು ಹೇಳಿದ್ದೇ ಸರಿ, ಮೋಟಾರೇ ಹೋಗಿದೆ" ಅಂದರು ಅಪ್ಪ.

"ಹೋಗಿರೋದು ನಿಜ. ವರ್ಷಕ್ಕೇ ಯಾಕೆ ಹೋಯ್ತು ಅಂತ ನೋಡಬೇಕಲ್ವಾ?"

ಗಾಜನ್ನು ಹಿಡಿದಿರೋ ಬೋಲ್ಟುಗಳನ್ನು ಬಿಚ್ಚಿ, ಬರೀ ಗಾಜನ್ನು ನನ್ನ ಕೈಗೆ ಕೊಟ್ಟು "ಮೇಲೆ ಕೆಳಗೆ ಆಡಿಸಿ ನೋಡಿ" ಅಂದರು. ಕೆಳಗಿಂದ ಅರ್ಧದವರೆಗೆ ಸಲೀಸು. ಆಮೇಲೆ ಎರಡು ಕೈ ಹಾಕಿ ನೂಕಿದರೂ ಬರಲೊಲ್ಲದು. ಗಾಜು ಜಾರೋ ರಬ್ಬರ್ ಬೀಡಿಂಗ್ ಒಣಗಿ ಕಡ್ಡಿಯಂತಾಗಿತ್ತು, ಒಳಗೆಲ್ಲಾ ಮಣ್ಣು ಗಟ್ಟಿಯಾಗಿ ಕೂತಿತ್ತು. ಹಿಂದಿನ ಪಟ್ಟಿಯ ಒಂದು ಬೋಲ್ಟು ಸಡಿಲವಾಗಿ ಗಾಜು ಓರೆಯಾಗ್ತಿತ್ತು. ಹೋದ ವರ್ಷ ಮೋಟಾರು ಹಾಕಿದವರು ಇದ್ಯಾವುದನ್ನೂ ಮುಟ್ಟಿರಲಿಲ್ಲ. ಪ್ಯಾನೆಲ್ ಹಿಂದಿನ ಪ್ಲಾಸ್ಟಿಕ್ ಹಾಳೆಯನ್ನೂ ವಾಪಸ್ ಅಂಟಿಸಿರಲಿಲ್ಲ. ಮಳೆ ನೀರು ಒಳಗೆ ಬಂದು ಕಾಲಡಿಯ ಮ್ಯಾಟು ಯಾಕೆ ನಾರುತ್ತೆ ಅನ್ನೋದೂ ಅವತ್ತೇ ಇತ್ಯರ್ಥವಾಯ್ತು.

ಮೋಟಾರಿನ ಲೆಕ್ಕ ಸರಳ. ಆರಾಮಾಗಿ ತಿರುಗೋವಾಗ ಸ್ವಲ್ಪ ಕರೆಂಟು ಸಾಕು. ಗಾಜು ಸಿಕ್ಕಿಕೊಂಡು ತಿರುಗೋಕೆ ಆಗದೇ ನಿಂತರೆ ಅದರ ಹಲವು ಪಟ್ಟು ಕರೆಂಟು ಎಳೆಯುತ್ತೆ, ಕಾಯುತ್ತೆ. ಸುಟ್ಟುಹೋಗದಿರಲಿ ಅಂತ ಒಳಗಿರೋ ಒಂದು ರಕ್ಷಣೆ ಕರೆಂಟು ತಡೆದು, ತಣ್ಣಗಾದ ಮೇಲೆ ಬಿಡುತ್ತೆ. ಕಾಲು ಗಂಟೆ ಬಿಟ್ಟು ನಮ್ಮ ಗಾಜು ಮತ್ತೆ ಏರ್ತಿದ್ದ ಗುಟ್ಟು ಇದೇ. ಹೀಗೇ ದಿನಾ ಕಾದರೆ ಬ್ರಷ್ಷು ಎಷ್ಟು ದಿನ ತಡೆದೀತು?

ಅಪ್ಪನಿಗೆ ಇದು ಬೇಗ ಅರ್ಥವಾಯ್ತು. "ಗಾಡಿಗೆ ಕೀಲೆಣ್ಣೆ ಹಾಕದೆ ಎತ್ತು ಬದಲಾಯಿಸಿದ ಹಾಗಾಯ್ತು ಇದು" ಅಂದರು. ಅಷ್ಟಕ್ಕೇ ಬಿಡದೆ, ರಬ್ಬರಿಗೆ ಕೊಬ್ಬರಿ ಎಣ್ಣೆ ಹಚ್ಚೋಣವಾ ಅಂತಲೂ ಕೇಳಿದರು! ಮೆಕ್ಯಾನಿಕ್ ನಕ್ಕು, ಎಣ್ಣೆ ಹಚ್ಚಿದರೆ ಧೂಳು ಅಂಟುತ್ತೆ, ರಬ್ಬರೂ ಹಾಳಾಗುತ್ತೆ, ಇದಕ್ಕೆ ಸಿಲಿಕೋನ್ ಸ್ಪ್ರೇನೇ ಆಗಬೇಕು ಅಂದರು.

ನಾನು ಜೆ.ಸಿ. ರಸ್ತೆಗೆ ಹೋಗಿ ಮೋಟಾರು, ಬೀಡಿಂಗ್ ತಂದೆ. ಮೋಟಾರು 1,900, ಬೀಡಿಂಗು 650, ಕೂಲಿ 700. ಒಟ್ಟು 3,250 ರೂಪಾಯಿ. ಗಾಜು ಹಾಕಿ ಬೋಲ್ಟು ಬಿಗಿದು, ಹಾಳೆ ಅಂಟಿಸಿ ಸ್ವಿಚ್ಚು ಒತ್ತಿದರೆ, ಸರ್ರನೆ ಏರಿತು.

ನಿಮ್ಮ ಕಾರಿನ ಗಾಜೂ ಮುಂಚಿಗಿಂತ ನಿಧಾನ ಅನ್ನಿಸಿದರೆ ಅದು ಸಾಯೋವರೆಗೆ ಕಾಯಬೇಡಿ. ಬೀಡಿಂಗಿನ ಸಂದಿನ ಮಣ್ಣು ಒದ್ದೆ ಬಟ್ಟೆಯಲ್ಲಿ ಒರೆಸಿ, ಒಣಗಿದ ಮೇಲೆ ಸಿಲಿಕೋನ್ ಸ್ಪ್ರೇ ಹೊಡೆಯಿರಿ. ಮೋಟಾರು ಬದಲಾಯಿಸಲೇಬೇಕು ಅಂದರೆ, ಬರೀ ಗಾಜನ್ನು ಕೈಯಲ್ಲಿ ಆಡಿಸಿ ನೋಡಿದ್ರಾ ಅಂತ ಕೇಳಿ. ನೋಡಿಲ್ಲ ಅಂದರೆ ನಿಮ್ಮ ದುಡ್ಡು ಒಂದು ವರ್ಷಕ್ಕೆ ಮಾತ್ರ.

ಇನ್ನೊಂದು ವಿಷಯ. ಹೊರಡುವಾಗ ನಾನು ಆ ಮೆಕ್ಯಾನಿಕ್ಕಿಗೆ, ಅಮ್ಮ ಜಾಸ್ತಿ ಬಳಸಿದ್ದಕ್ಕೆ ಕೆಟ್ಟಿತಾ ಅಂತ ಅಮ್ಮನ ಎದುರಿಗೇ ಕೇಳಿದ್ದೆ. ಅವರು ಕೈ ಒರೆಸಿಕೊಳ್ಳುತ್ತಾ, "ಕಿಟಕಿ ಇರೋದೇ ತೆಗೆಯೋಕಲ್ವೇನಮ್ಮಾ? ನೀವು ದಿನಾ ತೆಗೀರಿ, ಹಾಕಿ" ಅಂದರು. ಹೋದ ಭಾನುವಾರ ಊರಿಗೆ ಹೋಗಿದ್ದೆವು. ತಿಪಟೂರು ದಾಟೋವರೆಗೆ ಗಾಜು ಎಷ್ಟು ಸಲ ಏರಿತೋ, ಎಷ್ಟು ಸಲ ಇಳಿಯಿತೋ, ನಾವ್ಯಾರೂ ಎಣಿಸಲಿಲ್ಲ.