ಆ ನೂರು ರೂಪಾಯಿ ಯಾರ ಮನೆಯಲ್ಲಿದೆ?

ಮಕ್ಕಳೇ, ಸರಾಸರಿ ಎಂದ ಕೂಡಲೇ ನಿಮಗೆ ಅಂಕಪಟ್ಟಿಯೋ ಕ್ರಿಕೆಟ್ ಆಟಗಾರರ ರನ್ನುಗಳೋ ನೆನಪಾಗಬಹುದು. ನನಗೆ ನೆನಪಾಗುವುದು ನಾನು ಬೆಳೆದ ಕೇರಿ.

ಅಲ್ಲಿ ಏಳು ಮನೆಗಳಿದ್ದವು. ಆರು ಮನೆಯವರು ಕೂಲಿಗೆ ಹೋಗುವವರು. ಏಳನೆಯ ಮನೆಯವರಿಗೆ ಎರಡು ಲಾರಿಗಳಿದ್ದವು. ಒಮ್ಮೆ ಯಾವುದೋ ನೆರವಿನ ಪಟ್ಟಿ ತಯಾರಿಸಲು ಒಬ್ಬರು ಬಂದು, ಪ್ರತಿ ಮನೆಯ ದಿನದ ಗಳಿಕೆಯನ್ನು ಬರೆದುಕೊಂಡರು. 40, 40, 40, 45, 50, 55 ರೂಪಾಯಿ. ಲಾರಿ ಮನೆಯದು 430. ಒಟ್ಟು 700. ಏಳರಿಂದ ಭಾಗಿಸಿದರೆ 100. “ಈ ಕೇರಿಯ ಸರಾಸರಿ ಗಳಿಕೆ ನೂರು ರೂಪಾಯಿ, ಇಲ್ಲಿಗೆ ನೆರವು ಬೇಕಿಲ್ಲ” ಎಂದು ಹೇಳಿ ಹೊರಟರು. ಲೆಕ್ಕದಲ್ಲಿ ತಪ್ಪಿರಲಿಲ್ಲ, ನೀವೇ ಕೂಡಿ ನೋಡಿ. ಆದರೆ ನನ್ನ ಅಮ್ಮ ಕೇಳಿದಳು: “ಆ ನೂರು ರೂಪಾಯಿ ಯಾರ ಮನೆಯಲ್ಲಿದೆ?”

ಯಾರ ಮನೆಯಲ್ಲೂ ಇರಲಿಲ್ಲ. ಅಮ್ಮ ಶಾಲೆಗೆ ಹೋದವಳಲ್ಲ, ಆದರೆ ಸಂಖ್ಯಾಶಾಸ್ತ್ರದ ಒಳ್ಳೆಯ ಪ್ರಶ್ನೆಯನ್ನೇ ಕೇಳಿದ್ದಳು.

ಈಗ ಅದೇ ಏಳು ಸಂಖ್ಯೆಗಳನ್ನು ಏರಿಕೆಯ ಕ್ರಮದಲ್ಲಿ ನಿಲ್ಲಿಸಿ. ನಟ್ಟನಡುವೆ, ನಾಲ್ಕನೆಯದಾಗಿ ನಿಂತಿರುವುದು 45. ಅದೇ ಮಧ್ಯಾಂಕ. ಅತಿ ಹೆಚ್ಚು ಸಲ ಬಂದಿರುವುದು 40. ಅದು ರೂಢಿಬೆಲೆ, ಬಹುಲಕ ಎಂದೂ ಕರೆಯುತ್ತಾರೆ. ಲಾರಿ ಮನೆಯ ಗಳಿಕೆ 780 ಆಯಿತೆನ್ನಿ. ಸರಾಸರಿ 150ಕ್ಕೆ ಜಿಗಿಯುತ್ತದೆ. ಮಧ್ಯಾಂಕ ಮಾತ್ರ 45ರಲ್ಲೇ ಕದಲದೆ ನಿಂತಿರುತ್ತದೆ. ಕೂಲಿಯವರ ಒಲೆಯ ಮೇಲಿನ ಪಾತ್ರೆಯೂ ಹಾಗೆಯೇ ತಾನೆ!

ಮಧ್ಯಾಂಕದ ಈ ಗುಣವನ್ನು ಮೆಚ್ಚಿದವರಲ್ಲಿ ಇಂಗ್ಲೆಂಡಿನ ವಿಜ್ಞಾನಿ ಫ್ರಾನ್ಸಿಸ್ ಗಾಲ್ಟನ್ ಒಬ್ಬರು. 1906ರಲ್ಲಿ ಪ್ಲಿಮತ್ ಊರಿನ ಜಾನುವಾರು ಪ್ರದರ್ಶನದಲ್ಲಿ ಒಂದು ಎತ್ತಿನ ಮಾಂಸದ ತೂಕ ಊಹಿಸುವ ಸ್ಪರ್ಧೆ ನಡೆಯಿತು. ಓದಲು ಬಂದ 787 ಚೀಟಿಗಳನ್ನು ಗಾಲ್ಟನ್ ಕ್ರಮವಾಗಿ ಜೋಡಿಸಿದರು. ಒಬ್ಬಿಬ್ಬರು ಹುಚ್ಚುಹುಚ್ಚಾಗಿ ಊಹಿಸಿದರೂ ಮಧ್ಯಾಂಕ ಕೆಡುವುದಿಲ್ಲ ಎಂಬುದು ಅವರ ವಾದ. ನಡುವಿನ ಚೀಟಿ 1207 ಪೌಂಡ್ ಎಂದಿತ್ತು. 1907ರಲ್ಲಿ ಅವರು ಪ್ರಕಟಿಸಿದಂತೆ ನಿಜವಾದ ತೂಕ 1198. ತಮಾಷೆಯೆಂದರೆ, ಆಮೇಲೆ ಸರಾಸರಿ ತೆಗೆದಾಗ ಅದು 1197 ಬಂತು! ಅಲ್ಲಿ ಹೆಚ್ಚು ಹೇಳಿದವರೂ ಕಡಿಮೆ ಹೇಳಿದವರೂ ಬಹುಮಟ್ಟಿಗೆ ಸಮತೂಗಿದ್ದರು. ನಮ್ಮ ಕೇರಿಯಲ್ಲಿ ಲಾರಿ ಮನೆಗೆ ಎದುರುತೂಕವೇ ಇರಲಿಲ್ಲ.

ಆದ್ದರಿಂದ ನಾನು ಸರಾಸರಿಯನ್ನು ದೂರುವುದಿಲ್ಲ. ಶಾಲೆಯ ಸರಾಸರಿ ಹಾಜರಿ 62 ಆಗಿದ್ದರೆ, 20 ದಿನಕ್ಕೆ 62 × 20 = 1240 ಊಟ ಎಂದು ಬಿಸಿಯೂಟದ ಲೆಕ್ಕ ಸಿಗುತ್ತದೆ. ಮಧ್ಯಾಂಕವನ್ನು ಹೀಗೆ ಗುಣಿಸಿದರೆ ಒಟ್ಟು ಮೊತ್ತ ಸಿಗಬೇಕೆಂದಿಲ್ಲ. ಚಪ್ಪಲಿ ಅಂಗಡಿಯವರಿಗೆ ಇವೆರಡೂ ಬೇಡ. ಯಾವ ಅಳತೆ ಹೆಚ್ಚು ಮಾರಾಟವಾಗುತ್ತದೆ ಎಂಬುದು, ಅಂದರೆ ರೂಢಿಬೆಲೆ, ಸಾಕು.

ನಾಳೆ ತರಗತಿಯಲ್ಲಿ ಒಂದು ಕೆಲಸ ಮಾಡಿ. ಮನೆಯಿಂದ ಶಾಲೆಗೆ ಬರಲು ಪ್ರತಿಯೊಬ್ಬರಿಗೂ ಎಷ್ಟು ನಿಮಿಷ ಬೇಕೆಂದು ಕರಿಹಲಗೆಯ ಮೇಲೆ ಬರೆಯಿರಿ. ಮೂರೂ ಬೆಲೆಗಳನ್ನು ಕಂಡುಹಿಡಿಯಿರಿ. ಸಂಖ್ಯೆಗಳು ಸಮಸಂಖ್ಯೆಯಲ್ಲಿದ್ದರೆ ನಡುವೆ ಇಬ್ಬರು ನಿಲ್ಲುತ್ತಾರೆ. ಅವರಿಬ್ಬರ ಸರಾಸರಿಯೇ ಮಧ್ಯಾಂಕ. ಬಳಿಕ ಎಲ್ಲರಿಗಿಂತ ದೂರದಿಂದ ಬರುವ ಗೆಳತಿಯನ್ನೋ ಗೆಳೆಯನನ್ನೋ ಕೇಳಿ: ಇವುಗಳಲ್ಲಿ ನಿನ್ನ ದಾರಿಯನ್ನು ಹೇಳುವ ಸಂಖ್ಯೆ ಯಾವುದಾದರೂ ಇದೆಯೇ?