ನಾಗರಹಾವು ಕಚ್ಚಿತು!

2014ರಲ್ಲಿ ನಾನು ಕೆಲಸದ ನಿಮಿತ್ತ ಸಂಸಾರ ಸಮೇತ ಇಂಗ್ಲೆಂಡಿನ ಕಾವೆಂಟ್ರಿ ನಗರದಲ್ಲಿದ್ದೆ. ಮೋಟಾರು ಕಾರುಗಳ ತಯಾರಿಕೆಗೆ ಹೆಸರಾದ ಊರು ಅದು. ನಮ್ಮ ಪಕ್ಕದ ಮನೆಯಲ್ಲಿ ಲೇತ್ ಕೆಲಸ ಮಾಡಿ ನಿವೃತ್ತರಾದ ಒಬ್ಬ ಹಿರಿಯರಿದ್ದರು. ನಾಲ್ಕನೆಯ ತರಗತಿಯಲ್ಲಿದ್ದ ನನ್ನ ಮಗ ಮೊದಲ ದಿನವೇ ಅವರನ್ನು "ಅಜ್ಜ" ಎಂದು ಕರೆದ. ಆ ಪದದ ಅರ್ಥ ತಿಳಿದು ಅವರಿಗೆ ಬಹಳ ಸಂತೋಷವಾಯಿತು.

ಅಜ್ಜನ ಮನೆಯ ಹಿಂದೆ ಒಂದು ಶೆಡ್ಡು ಇತ್ತು. ಅಲ್ಲಿ ಅವರು ಆರು ವರ್ಷಗಳಿಂದ ತಮ್ಮ ಕೈಯಾರೆ ಒಂದು ಕಾರನ್ನು ಕಟ್ಟುತ್ತಿದ್ದರು. ನೀಲಿ ಬಣ್ಣದ ಕಾರು. ಎರಡೇ ಸೀಟು. ಮೇಲೆ ಮಾಡು ಇಲ್ಲ.

"ಇದರ ಹೆಸರು ಕೋಬ್ರಾ. ಅಂದರೆ ನಾಗರಹಾವು" ಎಂದರು ಅಜ್ಜ. ಮಗ ಎರಡು ಹೆಜ್ಜೆ ಹಿಂದೆ ಸರಿದ. ಕುಂಬಳೆಯಲ್ಲಿ ನಮ್ಮ ಮನೆಯ ಬಳಿ ನಾಗಬನವಿದೆಯಲ್ಲ!

ಅಜ್ಜ ನಗುತ್ತಾ ಆ ಕಾರಿನ ಕತೆ ಹೇಳಿದರು. ಕ್ಯಾರಲ್ ಶೆಲ್ಬಿ ಅಮೆರಿಕದ ಕಾರು ಓಟಗಾರ. ಹೃದಯದ ಕಾಯಿಲೆಯಿಂದಾಗಿ ಆತ ಓಟವನ್ನು ಬಿಡಬೇಕಾಯಿತು. ಆದರೆ ಕಾರಿನ ಆಸೆ ಬಿಡಲಿಲ್ಲ. 1962ರಲ್ಲಿ ಇಂಗ್ಲೆಂಡಿನ ಎ.ಸಿ. ಕಂಪನಿಯ ಹಗುರವಾದ ಕಾರಿಗೆ ಅಮೆರಿಕದ ಫೋರ್ಡ್ ಕಂಪನಿಯ ಎಂಟು ಸಿಲಿಂಡರುಗಳ ಎಂಜಿನನ್ನು ಕೂಡಿಸಿದ. ಅದೇ ಕೋಬ್ರಾ. ಅಂತಹ ಕಾರುಗಳು ತಯಾರಾದದ್ದು ಸುಮಾರು 1000 ಮಾತ್ರ. ಈಗ ಅವುಗಳ ಬೆಲೆ ಕೋಟಿಗಟ್ಟಲೆ ರೂಪಾಯಿ. ಆದ್ದರಿಂದ ಆಸೆಯುಳ್ಳವರು ಬಿಡಿಭಾಗಗಳನ್ನು ತಂದು ಅದರಂತೆಯೇ ಕಾಣುವ ಕಾರನ್ನು ಕಟ್ಟಿಕೊಳ್ಳುತ್ತಾರೆ. ಅಜ್ಜನ ಕಾರೂ ಅಂತಹ ಪ್ರತಿರೂಪ.

ಅದರ ಎರಡೂ ಬದಿಗಳಲ್ಲಿ, ಬಾಗಿಲಿನ ಕೆಳಗೆ, ಹೊಳೆಯುವ ದಪ್ಪ ಕೊಳವೆಗಳಿದ್ದವು. ಎಂಜಿನಿನಲ್ಲಿ ಪೆಟ್ರೋಲು ಉರಿದಾಗ ಉಂಟಾಗುವ ಬಿಸಿ ಹೊಗೆ ಹೊರಹೋಗುವ ದಾರಿ ಅದು. ಒಂದೊಂದು ಬದಿಯಲ್ಲಿ ನಾಲ್ಕು ಸಿಲಿಂಡರುಗಳ ನಾಲ್ಕು ಸಣ್ಣ ಕೊಳವೆಗಳು ಸೇರಿ ಒಂದು ದೊಡ್ಡ ಕೊಳವೆಯಾಗುತ್ತಿತ್ತು.

ಒಂದು ಭಾನುವಾರ ಅಜ್ಜ ಮೊದಲ ಬಾರಿಗೆ ಎಂಜಿನನ್ನು ಚಾಲೂ ಮಾಡಿದರು. ಅದಕ್ಕೂ ಮೊದಲು ಕಾರನ್ನು ಅಂಗಳಕ್ಕೆ ತಳ್ಳಿದೆವು. "ಮುಚ್ಚಿದ ಕೋಣೆಯಲ್ಲಿ ಎಂಜಿನ್ ಓಡಿಸಬಾರದು. ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ಆದರೆ ಅದು ಪ್ರಾಣ ತೆಗೆಯುವ ವಿಷ" ಎಂದು ಅವರು ಮಗನಿಗೆ ತಿಳಿಸಿದರು.

ಕೊಳವೆಗಳಿಗೆ ಸೈಲೆನ್ಸರ್ ಇರಲಿಲ್ಲ. ಸಿಡಿಲು ಬಡಿದಂತೆ ಸದ್ದಾಯಿತು! ಕಿಟಕಿಯ ಗಾಜುಗಳು ನಡುಗಿದವು. ಎದುರು ಮನೆಯ ಹಸುಗೂಸು ಬೆಚ್ಚಿ ಅಳತೊಡಗಿತು. ಮಗ ಮಾತ್ರ ಚಪ್ಪಾಳೆ ತಟ್ಟಿದ. ಎಂಜಿನ್ ನಿಂತದ್ದೇ ತಡ, ಕಾರಿನೊಳಗೆ ಹತ್ತಲು ಓಡಿದ. ಅವನ ಮೀನಖಂಡ ಕಾದ ಕೊಳವೆಗೆ ತಾಗಿತು.

"ಅಪ್ಪಾ, ನಾಗರಹಾವು ಕಚ್ಚಿತು!" ಎಂದು ಕಿರುಚಿದ.

ನಾನು ಅವನನ್ನು ಎತ್ತಿಕೊಂಡು ಹೋಗಿ, ಸುಟ್ಟ ಗಾಯದ ಮೇಲೆ 20 ನಿಮಿಷ ತಣ್ಣೀರು ಬಿಟ್ಟೆ. ಅಜ್ಜನ ಮುಖ ಬಿಳಿಚಿಕೊಂಡಿತ್ತು. "ಈ ಕಾರಿನವರು ಇಂತಹ ಗಾಯಕ್ಕೆ ತಮಾಷೆಯಾಗಿ ಹಾವು ಕಚ್ಚಿತು ಎನ್ನುತ್ತಾರೆ. ಇಂದು ನನಗೆ ನಗು ಬರುತ್ತಿಲ್ಲ" ಎಂದರು. ನಾನು ಸಿಟ್ಟಿನಿಂದ, "ಇನ್ನು ಮಗನನ್ನು ಶೆಡ್ಡಿಗೆ ಕಳುಹಿಸುವುದಿಲ್ಲ" ಎಂದುಬಿಟ್ಟೆ.

ಮುಂದಿನ ವಾರ ಅಂತಹ ಕಾರುಗಳ ಪ್ರದರ್ಶನವಿತ್ತು. ಆರು ವರ್ಷಗಳಿಂದ ಅಜ್ಜ ಕಾಯುತ್ತಿದ್ದ ದಿನ. ಆದರೆ ಅವರು ಹೋಗಲಿಲ್ಲ. ಶೆಡ್ಡಿನಿಂದ ಹಗಲೆಲ್ಲ ಉಕ್ಕು ಕೊರೆಯುವ ಸದ್ದು ಕೇಳುತ್ತಿತ್ತು. ಮಗ ಕಿಟಕಿಯಲ್ಲಿ ಕುಳಿತು ಅದನ್ನೇ ಆಲಿಸುತ್ತಿದ್ದ. ನನ್ನ ಮಾತು ನನಗೇ ಚುಚ್ಚತೊಡಗಿತು.

ಮೂರು ವಾರಗಳ ಬಳಿಕ ಅಜ್ಜ ನಮ್ಮ ಬಾಗಿಲು ತಟ್ಟಿದರು. "ಒಮ್ಮೆ ಬಂದು ನೋಡಿ" ಎಂದರು. ಕೊಳವೆಗಳೊಳಗೆ ಈಗ ಸೈಲೆನ್ಸರ್ ಇತ್ತು. ತೂತುಗಳಿರುವ ಒಳಕೊಳವೆ, ಅದರ ಸುತ್ತ ಗಾಜಿನ ನಾರಿನ ಹೊದಿಕೆ. ಹೊಗೆ ನೇರವಾಗಿ ಹೊರಹೋಗುತ್ತದೆ. ಸದ್ದು ತೂತುಗಳಿಂದ ನಾರಿನೊಳಗೆ ನುಗ್ಗಿ ಕುಗ್ಗುತ್ತದೆ. ಕೊಳವೆಯ ಹೊರಗೆ, ಸ್ವಲ್ಪ ಅಂತರ ಬಿಟ್ಟು, ಉಕ್ಕಿನ ತಗಡಿನ ಕವಚ. ನಡುವಿನ ಗಾಳಿ ಬಿಸಿಯನ್ನು ತಡೆಯುತ್ತದೆ.

ಎಂಜಿನ್ ಚಾಲೂ ಆಯಿತು. ದೂರದ ಗುಡುಗಿನಂತೆ ಮೆಲ್ಲನೆ ಸದ್ದು ಕೇಳಿಸಿತು. ಎದುರು ಮನೆಯ ಕೂಸು ಅಳಲಿಲ್ಲ. ಅಜ್ಜ ಬಾಗಿ ತಮ್ಮ ಅಂಗೈಯನ್ನೇ ಕವಚದ ಮೇಲಿಟ್ಟು ಪರೀಕ್ಷಿಸಿದರು. ಆಮೇಲೆ ನನ್ನ ಮುಖ ನೋಡಿದರು. ನಾನು ಮಗನ ಬೆನ್ನು ತಟ್ಟಿ, "ಹೋಗು" ಎಂದೆ.

ಆ ಕಾರಿನ ಮೊದಲ ಸವಾರಿ ಅವನದೇ ಆಯಿತು. ಅವನ ಕಾಲಿನ ಕಲೆ ಇನ್ನೂ ಮಾಸಿಲ್ಲ. ಯಾರಾದರೂ ಕೇಳಿದರೆ, "ನಾಗರಹಾವು ಕಚ್ಚಿದ್ದು. ಮದ್ದು ಮಾಡಿದ್ದು ನನ್ನ ಅಜ್ಜ" ಎನ್ನುತ್ತಾನೆ.