ಸಲಿಕೆ ಲೆಕ್ಕ, ಕೂಲಿ ಲೆಕ್ಕ

ಹೊಲಕ್ಕೆ ಕೆರೆಗೋಡು ಹೊಡೆಸೋ ಕಾಲ ಇದು. ಆಳು ಸಿಗಲ್ಲ, ಸಿಕ್ಕರೂ ಕೆಲಸ ಸಾಗಲ್ಲ ಅಂತ ಎಲ್ಲರದ್ದೂ ಒಂದೇ ಮಾತು. ನೂರಿಪ್ಪತ್ತು ವರ್ಷದ ಹಿಂದೆ ಅಮೆರಿಕದಲ್ಲಿ ಒಬ್ಬ ಎಂಜಿನಿಯರ್ ಇದಕ್ಕೇ ಲೆಕ್ಕ ಹಾಕಿದ್ದ. ಮಗಳ ಬಿಬಿಎ ಪುಸ್ತಕದಲ್ಲಿ 'ಆಪರೇಷನ್ಸ್ ಮ್ಯಾನೇಜ್‌ಮೆಂಟ್' ಅನ್ನೋ ಪಾಠದಲ್ಲಿ ಅವನ ಹೆಸರಿದೆ. ಆಳು, ಸಾಮಾನು, ಹೊತ್ತು ಮೂರನ್ನೂ ಹೊಂದಿಸಿ ಕೆಲಸ ತೆಗೆಯೋ ವಿದ್ಯೆ ಅದು. ನಾವು ದಿನಾ ಮಾಡೋದೂ ಅದನ್ನೇ.

ಅವನ ಹೆಸರು ಫ್ರೆಡರಿಕ್ ಟೇಲರ್. ಪೆನ್ಸಿಲ್ವೇನಿಯಾದ ಬೆತ್ಲೆಹೆಮ್ ಉಕ್ಕಿನ ಕಾರ್ಖಾನೆ ಅಂಗಳದಲ್ಲಿ 400ರಿಂದ 600 ಜನ ಅದಿರು, ಕಲ್ಲಿದ್ದಲು ತುಂಬ್ತಿದ್ರು. ಅವರವರ ಸಲಿಕೆ ಅವರವರೇ ತರಬೇಕು. ಅದರಲ್ಲಿ ನುಚ್ಚು ಕಲ್ಲಿದ್ದಲು ಎತ್ತಿದರೆ ಒಂದೂವರೆ ಕೆಜಿ, ಅದಿರು ಎತ್ತಿದರೆ 17 ಕೆಜಿ. ಒಂದರಲ್ಲಿ ಬರೀ ಕೈ ಆಡಿಸಿದ್ದೇ ಬಂತು, ಇನ್ನೊಂದರಲ್ಲಿ ಸೊಂಟ ಬಿತ್ತು. ಟೇಲರ್ ಒಳ್ಳೆ ಆಳುಗಳನ್ನ ನಿಲ್ಲಿಸಿ, ಸಲಿಕೆಯ ಭಾರ ಬದಲಾಯಿಸ್ತಾ ನೋಡಿದ. ಸಲಿಕೆಗೆ 21 ಪೌಂಡು, ಅಂದ್ರೆ ಸುಮಾರು ಒಂಬತ್ತೂವರೆ ಕೆಜಿ ಬಂದಾಗ ದಿನಕ್ಕೆ ಅತಿ ಹೆಚ್ಚು ಕೆಲಸ ಆಯ್ತು. ಆಮೇಲೆ ಅದಿರಿಗೆ ಚಿಕ್ಕ ಸಲಿಕೆ, ಹಗುರ ಸಾಮಾನಿಗೆ ಅಗಲದ ಸಲಿಕೆ, ಎಲ್ಲಾ ಕಾರ್ಖಾನೆಯವರೇ ಕೊಟ್ಟರು.

1911ರ ತನ್ನ ಪುಸ್ತಕದಲ್ಲಿ ಅವನೇ ಕೊಟ್ಟ ಲೆಕ್ಕ ನೋಡಿ. ಒಬ್ಬ ಆಳು ದಿನಕ್ಕೆ 16 ಟನ್ ಎತ್ತುತ್ತಿದ್ದದ್ದು 59 ಟನ್ ಆಯ್ತು. ಕೂಲಿ 1.15 ಡಾಲರ್ ಇದ್ದದ್ದು 1.88 ಆಯ್ತು. ಆಳುಗಳು 140ಕ್ಕೆ ಇಳಿದರು. ಕೆಲಸ ಮೂರೂವರೆ ಪಟ್ಟು ದಾಟಿತು, ಕೂಲಿ ಎರಡು ಪಟ್ಟೂ ಆಗಲಿಲ್ಲ. ಅದೇ ವರ್ಷ ಅಮೆರಿಕ ಸರ್ಕಾರದ ವಾಟರ್‌ಟೌನ್ ಶಸ್ತ್ರಾಗಾರದಲ್ಲಿ ಟೇಲರ್ ಪದ್ಧತಿ ತಂದು, ಸ್ಟಾಪ್‌ವಾಚ್ ಹಿಡಿದು ಅಳೆಯೋಕೆ ಹೋದಾಗ ಎರಕದ ಕೆಲಸಗಾರರು ಕೆಲಸ ಬಿಟ್ಟು ಹೊರಗೆ ಬಂದರು. ಸಲಿಕೆ ಲೆಕ್ಕ ಸರಿಯಾಗಿದ್ರೆ ಸಾಲದು, ಉಳಿತಾಯ ಯಾರ ಪಾಲಿಗೆ ಅನ್ನೋದೂ ಸರಿಯಾಗಿರಬೇಕು.

ನಮ್ಮ ಹೊಲದಲ್ಲೂ ಅಷ್ಟೇ. ಹಸಿ ಗೋಡನ್ನ ದೊಡ್ಡ ಬಾಂಡ್ಲಿಗೆ ತುಂಬಿ ಹೆಂಗಸರ ತಲೆ ಮೇಲಿಟ್ಟರೆ ಊಟದ ಹೊತ್ತಿಗೇ ಕುತ್ತಿಗೆ ಹಿಡ್ಕೊಳ್ಳುತ್ತೆ. ನಾನು ಗೋಡಿಗೆ ಚಿಕ್ಕ ಬಾಂಡ್ಲಿ, ತರಗಿಗೆ ದೊಡ್ಡ ಮಂಕರಿ ಬೇರೆ ಬೇರೆ ಇಟ್ಟಿದ್ದೀನಿ. ಹೋದ ವಾರ ನಾಲ್ಕು ಜನ ಗುಡ್ಡೆ ಹರಡೋದನ್ನ ಮೂರು ಗಂಟೆಗೇ ಮುಗಿಸಿದರು. ಪಕ್ಕದ ಹೊಲದವರು "ಇನ್ನೂ ಹೊತ್ತಿದೆ, ಕಳೆಗೆ ಹಚ್ಚಿ, ಇಲ್ಲಾ ಕೂಲಿ ಮುರ್ಕೊಳ್ಳಿ" ಅಂದರು. ನಾನು ಪೂರ್ತಿ ಕೂಲಿ ಕೊಟ್ಟು ಮನೆಗೆ ಕಳಿಸಿದೆ. ಬೇಗ ಮುಗಿಸಿದವರಿಗೆ ಮೇಲೆ ಇನ್ನೊಂದು ಕೆಲಸ ಹೇರಿದರೆ ನಾಳೆಯಿಂದ ಯಾರು ಬೇಗ ಮುಗಿಸ್ತಾರೆ? "ನಾಳಿದ್ದು ಎಷ್ಟೊತ್ತಿಗೆ ಬರಲಣ್ಣ?" ಅಂತ ಕೇಳಿಯೇ ಹೋದರು.

ಆ 21 ಪೌಂಡು ಸಲಿಕೆ ಲೆಕ್ಕ, ತಲೆಹೊರೆಗೆ ಅದು ಹೊಂದಲ್ಲ. ನಮ್ಮ ಲೆಕ್ಕ ನಾವೇ ಹಾಕಬೇಕು, ಹೊರೋರನ್ನ ಕೇಳಿ ಹಾಕಬೇಕು. ಗೋಡು ಹೊಡೆಸೋಕೆ ಮುಂಚೆ ನಿಮ್ಮ ಬಾಂಡ್ಲಿ ತುಂಬಿ ಒಂದ್ಸಲ ತಕ್ಕಡಿಗೆ ಇಡಿ. ಎಷ್ಟು ತೂಗಿತು ಅಂತ ಇಲ್ಲಿ ಬರೀರಿ.